ಕಡಲು ನೋಡಲು ಹೋಗಿ ಕರುಳು ತೋರಿಸಿ ಬಂದದ್ದು

ಬೆಟಗೇರಿ

ಮಸ್ಕತ್ತಿಗೆ ಹೋಗಿ ಬಂದವನು ಎಂದು ಈಗ ನಮ್ಮ ಓಣಿಯಲ್ಲಿ ನನಗೆ ಸಣ್ಣದೊಂದು ಹೆಸರು. ಸಂಜೆ ಕಟ್ಟೆಗೆ ಕುಳಿತವರು ಕರೆದು ಕೂಡಿಸಿಕೊಂಡು, ಸಮುದ್ರ ಹೇಗಿತ್ತು, ಅರಬರು ಏನು ಉಣ್ಣುತ್ತಾರೆ ಎಂದು ಕೇಳುತ್ತಾರೆ. ನಾನು ಸಮುದ್ರದ ಬಗ್ಗೆ ಎರಡು ಮಾತು ಹೇಳಿ ಎದ್ದುಬಿಡುತ್ತೇನೆ. ಆ ದೇಶದಲ್ಲಿ ನಾನು ನೋಡಿದ್ದಕ್ಕಿಂತ ಆ ದೇಶದವರು ನನ್ನೊಳಗೆ ನೋಡಿದ್ದೇ ಹೆಚ್ಚು. ಅದನ್ನು ಕಟ್ಟೆಯ ಮೇಲೆ ಕುಳಿತು ಹೇಳಲು ನನಗೆ ಇನ್ನೂ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ನಮ್ಮದು ನೇಕಾರರ ಮನೆ. ಮೂವರು ಮಕ್ಕಳಲ್ಲಿ ನಾನು ಹಿರಿಯ. ನಡುವಿನವನು ಪರಶುರಾಮ, ಇವತ್ತಿಗೂ ಅಪ್ಪನ ಕುಣಿಮಗ್ಗದಲ್ಲೇ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುತ್ತಾನೆ. ಕೊನೆಯವಳು ಸರೋಜಾ, ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಗಂಡ ಮಹಾಂತೇಶ ಬೆಳ್ಳಟ್ಟಿಯವನು, ಅಲ್ಲೇ ವಾಹನಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಇದ್ದಾನೆ.

ಒಂದು ದಿನ ಸರೋಜಾ ಫೋನು ಮಾಡಿ, "ಅಣ್ಣಾ, ನೀವಿಬ್ಬರೂ ಒಂದ್ಸಲ ಬರ್ರಿ. ಸಮುದ್ರ ನೋಡೀರಂತ," ಎಂದಳು. ಪರಶುರಾಮನಿಗೆ ಹೇಳಿದರೆ ಅವನು ಮಗ್ಗದಿಂದ ತಲೆ ಎತ್ತಲಿಲ್ಲ. "ಸೀರಿ ಅರ್ಧಕ್ಕ ಬಂದೈತಿ, ಬಿಟ್ಟು ಎಲ್ಲಿ ಬರ್ಲಿ? ನೀ ಹೋಗಿ ಬಾ," ಎಂದ. ಇಲ್ಲೇ ಹತ್ತಿರದ ಲಕ್ಷ್ಮೇಶ್ವರದ ಮದುವೆಗೆ ಕರೆದರೂ ಅವನ ಉತ್ತರ ಇದೇ. ನನ್ನ ಹೆಂಡತಿ ಶಕುಂತಲಾ ಮೊಣಕಾಲಿನ ನೆಪ ಹೇಳಿ ಹಿಂದುಳಿದಳು. ಆದರೆ ನನ್ನ ಚೀಲ ತುಂಬುವ ಕೆಲಸವನ್ನು ಯಾರಿಗೂ ಬಿಡಲಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಸಾಬೂದಾಣಿ, ಹುರಿದ ಶೇಂಗಾ ಎಲ್ಲ ಒಳಗೆ ಹೋದವು.

ಹೊರಡುವ ಮುಂಚೆ ಸರೋಜಾ ಮತ್ತೆ ಫೋನು ಮಾಡಿ ವಿಚಿತ್ರ ಪ್ರಶ್ನೆಗಳನ್ನು ಕೇಳಿದಳು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗುವ ಗುಳಿಗೆ ನುಂಗುತ್ತೀಯಾ, ಬಹಿರ್ದೆಸೆ ಸರಿ ಆಗುತ್ತದೆಯೇ. ವಿಮಾನದವರು ಇಷ್ಟೆಲ್ಲ ಕೇಳುತ್ತಾರೆಯೇ ಎಂದು ನನಗೆ ಆಶ್ಚರ್ಯವಾಯಿತು. ಮೊದಲ ಸಲ ಹತ್ತುವವನಿಗೆ ಏನು ಗೊತ್ತು, ಕೇಳುತ್ತಿರಬಹುದು ಎಂದುಕೊಂಡೆ.

ಮತ್ರಾದ ಕಡಲದಂಡೆ

ಮಸ್ಕತ್ತಿನಲ್ಲಿ ಮನೆಗಳೆಲ್ಲ ಬಿಳಿ, ಹಿಂದಿನ ಗುಡ್ಡಗಳೆಲ್ಲ ಬೋಳು. ಮಳೆಗೆ ಮುನ್ನಿನ ನಮ್ಮ ಕಪ್ಪತಗುಡ್ಡದಲ್ಲೂ ಅಲ್ಲೊಂದು ಇಲ್ಲೊಂದು ಹಸಿರು ಉಳಿದಿರುತ್ತದೆ. ಇಲ್ಲಿ ಹುಲ್ಲುಕಡ್ಡಿಯೂ ಇಲ್ಲ. ಆದರೆ ರಸ್ತೆಯ ಬದಿಗೆ ಹೂವಿನ ಮಡಿಗಳು, ಅವುಗಳ ಬುಡಕ್ಕೆ ಕೊಳವೆಯಿಂದ ನೀರು. ವಾರಗಟ್ಟಲೆ ನಳದ ದಾರಿ ಕಾಯುವ ಗದಗ-ಬೆಟಗೇರಿಯವನಾದ ನನಗೆ ಆ ಹೂಗಳನ್ನು ನೋಡಿ ಸಂತೋಷದ ಬದಲು ಸಿಟ್ಟೇ ಬಂತು.

ಮತ್ರಾ ಎಂಬಲ್ಲಿ ಹಳೆಯ ಪೇಟೆ ಇದೆ, ಅದರ ಎದುರಿಗೇ ಕಡಲು. ಪೇಟೆಯ ಹಲ್ವಾ ಅಂಗಡಿಯವನು ನಮ್ಮನ್ನು ಕೂಡಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟ. ಹಾಲಿಲ್ಲ, ಸಕ್ಕರೆಯಿಲ್ಲ, ಜೊತೆಗೆ ಖರ್ಜೂರ. ಮರ್ಯಾದೆಗೆಂದು ಗಟಗಟ ಕುಡಿದು ಮುಗಿಸಿದೆ. ಮತ್ತೆ ಹಾಕಿದ, ಮತ್ತೆ ಮುಗಿಸಿದೆ. ಸಾಕು ಎಂದು ನಮ್ಮೂರಿನ ಹಾಗೆ ಅಂಗೈ ಅಡ್ಡ ಹಿಡಿದರೆ ಅವನು ನಕ್ಕು ಕೈ ಸರಿಯಲು ಕಾಯುತ್ತ ನಿಂತ. ಕೊನೆಗೆ ಮಹಾಂತೇಶನೇ ಹೇಳಿಕೊಟ್ಟ.

"ಅಣ್ಣಾರ, ಬಟ್ಟಲಾ ಹಿಂಗ ಅಲ್ಲಾಡಿಸಿ ಕೊಡ್ರಿ. ಅಂದ್ರ ಸಾಕು ಅಂತ ಅರ್ಥ. ಇಲ್ಲಾಂದ್ರ ಸಂಜೀ ತನಕ ಹಾಕ್ತಾನ."

ಬಟ್ಟಲು ಅಲ್ಲಾಡಿಸಿದೆ. ಅಂಗಡಿಯವನು ತೃಪ್ತಿಯಿಂದ ತೆಗೆದುಕೊಂಡು ಹೋದ.

ಆಮೇಲೆ ಕಡಲಿನ ಎದುರು ಕಲ್ಲಿನ ಬೆಂಚಿಗೆ ಕುಳಿತೆವು. ನಮ್ಮ ಕಡೆಯ ಮಾಗಡಿ ಕೆರೆಯ ಹಕ್ಕಿಗಳನ್ನು ನೋಡಿಯೇ ದೊಡ್ಡ ಪ್ರವಾಸ ಎಂದುಕೊಂಡಿದ್ದ ನನಗೆ ಅಷ್ಟು ನೀರು ಒಟ್ಟಿಗೆ ಕಂಡು ಕಣ್ಣು ಕೀಳಲಾಗಲಿಲ್ಲ. ಅಂಥ ಹೊತ್ತು ನೋಡಿ ಸರೋಜಾ ಬಾಯಿ ಬಿಟ್ಟಳು.

"ಅಣ್ಣಾ, ಬುಧವಾರ ನಿನ್ನ ಆಸ್ಪತ್ರಿಗೆ ಕರಕೊಂಡು ಹೋಗೋದೈತಿ."

"ಯಾರಿಗೇನಾಗೇತಿ?"

"ಯಾರಿಗೂ ಏನೂ ಆಗಿಲ್ಲ. ಆಗಬಾರದು ಅಂತ."

ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆಗ ಅವಳು ಬಿಡಿಸಿ ಹೇಳಿದಳು. ಅವಳ ಆಸ್ಪತ್ರೆಯಲ್ಲೇ ಅವಳಿಗೆ ದೊಡ್ಡ ಕರುಳಿನ ಪರೀಕ್ಷೆ ಮಾಡಿದ್ದರಂತೆ. ಹಿಂದಿನಿಂದ ಬೆರಳು ದಪ್ಪದ ಉದ್ದನೆಯ ಕೊಳವೆ ಹಾಕುತ್ತಾರೆ, ಅದರ ತುದಿಗೆ ಕ್ಯಾಮೆರಾ. ಒಳಗೋಡೆಯಲ್ಲಿ ಎರಡು ಗುಬುಟುಗಳು ಸಿಕ್ಕವು, ಅವಕ್ಕೆ ಪಾಲಿಪ್ ಎಂದು ಹೆಸರು. ಆಗಲೇ ಕಿತ್ತು ತೆಗೆದರು.

"ಮೈಮ್ಯಾಲೆ ನರೂಲಿ ಏಳತಾವಲ್ಲ, ನೋಡಾಕ ಹಂಗ," ಎಂದಳು.

"ಅದು ಕ್ಯಾನ್ಸರ್ ಏನು?"

"ಅಲ್ಲ."

"ಅಲ್ಲಾಂದ್ರ ಯಾಕ ತೆಗೀಬೇಕು?"

"ಬಿಟ್ರ ಕೆಲವು ವರ್ಷಗಟ್ಟಲೆ ಬೆಳದು ಕ್ಯಾನ್ಸರ್ ಆಗತಾವು. ಎಲ್ಲಾವೂ ಅಲ್ಲ. ಯಾವುದು ಆಗತೈತಿ, ಯಾವುದು ಆಗಂಗಿಲ್ಲ ಅಂತ ಮುಂಚೇನ ಹೇಳಾಕ ಬರಂಗಿಲ್ಲ. ಅದಕ್ಕ ಕಂಡದ್ದನ್ನ ತೆಗದಬಿಡತಾರ."

ತಪ್ಪು ಅಚ್ಚಾಗುವ ಮೊದಲು ತಿದ್ದುವುದು ನನ್ನ ಹೊಟ್ಟೆಪಾಡು. ಆದರೆ ನಾನು ತಿದ್ದುವುದು ಆಗಿರುವ ತಪ್ಪನ್ನು. ಇನ್ನೂ ಆಗಿರದ, ಆಗದೆಯೂ ಇರಬಹುದಾದ ತಪ್ಪನ್ನು ತಿದ್ದುವುದೆಂದರೇನು? ನನಗೆ ಏನೂ ನೋವಿಲ್ಲ, ಎರಡು ರೊಟ್ಟಿ ಹೆಚ್ಚೇ ತಿನ್ನುತ್ತೇನೆ ಎಂದು ವಾದಿಸಿದೆ.

"ನನಗೂ ಏನೂ ಇರಲಿಲ್ಲ," ಎಂದಳು ಅವಳು. "ಒಡಹುಟ್ಟಿದವರನ್ನೂ ಕರಕೊಂಡು ಬಾ ಅಂದ್ರು ಡಾಕ್ಟರು. ಅಪ್ಪ ಹೆಂಗ ತೀರಿಕೊಂಡ ಅಂತನೂ ಕೇಳಿದ್ರು."

"ಮೂಲವ್ಯಾಧಿ ಅಂತ ಹೇಳಬೇಕಿಲ್ಲೋ?"

ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಕುಣಿಯಲ್ಲಿ ಕುಳಿತವನಿಗೆ ಮೂಲವ್ಯಾಧಿ ಬಾರದೆ ಇನ್ನೇನು ಬಂದೀತು? ರಕ್ತ ಬಿದ್ದರೆ ಸುವರ್ಣಗಡ್ಡೆ ಪಲ್ಯ ಮಾಡಿ ಹಾಕುತ್ತಿದ್ದರು, ಮಜ್ಜಿಗೆ ಕುಡಿಸುತ್ತಿದ್ದರು, ಮರುದಿನ ಮತ್ತೆ ಮಗ್ಗಕ್ಕೆ ಇಳಿಯುತ್ತಿದ್ದರು. ಅಪ್ಪನೂ ಹಾಗೇ ಮಾಡಿದ. ಸರೋಜಾ ಮಾತು ತಿರುಗಿಸಿದಳು.

"ಹುಬ್ಬಳ್ಳಿಯಾಗ ಮಾಡಿಸಿಕೋ ಅಂದಿದ್ರ ನೀ ಹೋಗತಿದ್ದೇನು?" ಎಂದು ಕೇಳಿದಳು. "ಅದಕ್ಕ ಸಮುದ್ರದ ಹೆಸರು ಹೇಳಿ ಇಬ್ಬರನ್ನೂ ಕರದೆ. ನೀ ಬಂದಿ. ಪರಶ್ಯಾ ಬರಲಿಲ್ಲ."

ಉಪವಾಸದ ದಿನ

ಪರೀಕ್ಷೆಗೆ ಕರುಳು ತೊಳೆದಿಟ್ಟಂತೆ ಇರಬೇಕಂತೆ. ಹಿಂದಿನ ದಿನ ಬೆಳಿಗ್ಗೆ ಸರೋಜಾ ಕೆಲಸಕ್ಕೆ ಓಡುವ ಅವಸರದಲ್ಲಿ, "ಅಣ್ಣಾ, ಇವತ್ತ ನಿಂದು ಉಪವಾಸ. ಅನ್ನ, ರೊಟ್ಟಿ, ಪಲ್ಯ ಏನೂ ಮುಟ್ಟಬ್ಯಾಡ. ಸಂಜೀಕ ಬಂದು ಔಷಧ ಕೊಡತೀನಿ," ಎಂದು ಹೇಳಿ ಹೋದಳು. ಮಹಾಂತೇಶನೂ ಅಂಗಡಿಗೆ ಹೋದ.

ಉಪವಾಸ ಎಂದರೆ ನನಗೆ ಹೆದರಿಕೆಯಿಲ್ಲ. ಶ್ರಾವಣ ಸೋಮವಾರಗಳನ್ನು ಚಿಕ್ಕಂದಿನಿಂದ ಮಾಡಿಕೊಂಡು ಬಂದವನು. ಅವತ್ತು ಅನ್ನ, ರೊಟ್ಟಿ ಮುಟ್ಟುವುದಿಲ್ಲ, ಅದು ಸರಿಯೇ. ಹಾಗೆಂದು ನಮ್ಮಲ್ಲಿ ಯಾರೂ ಬರಿಹೊಟ್ಟೆಯಲ್ಲಿ ಇರುವುದಿಲ್ಲ. ಶಕುಂತಲಾ ಕಟ್ಟಿಕೊಟ್ಟ ಸಾಬೂದಾಣಿ, ಅಂದರೆ ಸಬ್ಬಕ್ಕಿ, ನೆನೆಹಾಕಿದೆ. ಶೇಂಗಾ ಕುಟ್ಟಿದೆ, ಹಸಿಮೆಣಸಿನಕಾಯಿ ಸೀಳಿ ಹಾಕಿ ಖಿಚಡಿ ಮಾಡಿದೆ. ಪರದೇಶದ ಒಲೆಯ ಮೇಲೆ ಮೊದಲ ಸಲಕ್ಕೇ ಇಷ್ಟು ಬಿಡಿಬಿಡಿಯಾಗಿ ಬಂತಲ್ಲ ಎಂದು ಹೆಮ್ಮೆಪಟ್ಟು ಎರಡು ಸಲ ಬಡಿಸಿಕೊಂಡೆ. ಮೇಲೆ ಒಂದು ಬಾಳೆಹಣ್ಣು. ದುಡಿದು ಬರುವ ತಂಗಿಗೆ ತೊಂದರೆ ಬೇಡವೆಂದು ಪಾತ್ರೆಯನ್ನೂ ತೊಳೆದಿಟ್ಟೆ.

ಸಂಜೆ ಅವಳು ದೊಡ್ಡ ಜಗ್ಗಿನಲ್ಲಿ ಪುಡಿ ಕಲಸಿ ಕೊಟ್ಟಳು. ಉಪ್ಪುಪ್ಪು, ಜಿಡ್ಡುಜಿಡ್ಡು, ನಿಂಬೆಯ ವಾಸನೆ ಮಾತ್ರ ಇರುವ ನೀರು. ಲೋಟದ ಮೇಲೆ ಲೋಟ ಕುಡಿಯಬೇಕು. ಮತ್ರಾದ ಬಟ್ಟಲಿನ ಹಾಗೆ ಲೋಟ ಅಲ್ಲಾಡಿಸಿ ತೋರಿಸಿದೆ. ಅವಳು ನಗಲಿಲ್ಲ, ಮತ್ತೊಂದು ಲೋಟ ತುಂಬಿದಳು. ಅದಾದ ಮೇಲೆ ನಾನು ಮಸ್ಕತ್ತಿನಲ್ಲಿ ಕಂಡದ್ದು ಒಂದೇ ಕೋಣೆ. ಅದರ ಗೋಡೆಯ ನೀಲಿ ಹಂಚುಗಳ ಮೇಲಿನ ಬಳ್ಳಿಯ ಚಿತ್ತಾರವನ್ನು ಈಗ ಕೇಳಿದರೂ ಬರೆದು ತೋರಿಸಬಲ್ಲೆ.

ಆಸ್ಪತ್ರೆ, ಮೊದಲ ಸಲ

ಬೆನ್ನ ಕಡೆಗೆ ತೆರೆದಿರುವ ಅಂಗಿಯೊಂದನ್ನು ಕೊಟ್ಟರು. ಅದರ ಕಸೆಗಳನ್ನು ಎಲ್ಲಿಂದ ಎಲ್ಲಿಗೆ ಕಟ್ಟಬೇಕೆಂದು ತಿಳಿಯದೆ, ಒಂದು ಕೈಯಿಂದ ಹಿಂದೆ ಹಿಡಿದುಕೊಂಡೇ ಮಂಚದವರೆಗೆ ನಡೆದೆ. ಪಕ್ಕದ ಮಂಚದಲ್ಲಿ ಬಿಳಿ ಗಡ್ಡದ ಒಮಾನಿ ಅಜ್ಜನೊಬ್ಬ ಅದೇ ಅಂಗಿಯಲ್ಲಿ, ಅರಮನೆಯಲ್ಲಿ ಕುಳಿತಷ್ಟು ನಿರಾಳವಾಗಿ ಕುಳಿತಿದ್ದ. ನನ್ನನ್ನು ಕಂಡು ಏನೋ ಕೇಳಿದ. ಅದರಲ್ಲಿ ಖಬರು ಎಂಬುದೊಂದು ನನ್ನ ಕಿವಿಗೆ ಸಿಕ್ಕಿತು. ಸುದ್ದಿಗೆ ನಮ್ಮೂರಿನವರು ಆಡುವ ಮಾತು ಇವನ ಬಾಯಲ್ಲಿ ಹೇಗೆ ಬಂತು ಎಂದು ಗಲಿಬಿಲಿಯಾಗಿ, "ಎಲ್ಲಾ ಆರಾಮ ಐತ್ರಿ," ಎಂದುಬಿಟ್ಟೆ. ಅವನು ತಲೆಯಾಡಿಸಿ, ಮುಂಬಯಿಯಲ್ಲಿ ವ್ಯಾಪಾರ ಮಾಡಿ ಕಲಿತ ಹಿಂದಿಯಲ್ಲಿ ಮಾತು ಮುಂದುವರಿಸಿದ.

ಅವನಿಗೆ ಹಿಂದೆ ಪಾಲಿಪ್ ತೆಗೆದಿದ್ದರು, ಈಗ ಮತ್ತೆ ನೋಡಿಸಲು ಬಂದಿದ್ದ. ಮಂಚದ ಆಚೆ ಕುಳಿತ ಮಗ, ಅಳಿಯ, ಸೊಸೆಯ ಕಡೆ ಕೈ ತೋರಿಸಿ, ಯಾರ ಪರೀಕ್ಷೆ ಆಗಿದೆ, ಯಾರದು ಬಾಕಿ ಎಂದು ಹೊಲದ ಕೆಲಸ ಹಂಚಿದವರ ಹಾಗೆ ಹೇಳಿದ. ಸೊಸೆಯ ಎದುರಿಗೇ ಮಾವ ತನ್ನ ಕರುಳಿನ ಮಾತಾಡುವುದು ಕೇಳಿ ನನ್ನ ಕಿವಿ ಕೆಂಪಾದವು. ನಮ್ಮಲ್ಲಿ ಹೆಂಡತಿಗೂ ಹೇಳದೆ ತಂಬಿಗೆ ಹಿಡಿದು ಹೋಗಿ ಬರುವ ಸಂಗತಿ ಅದು.

ನನ್ನ ಡಾಕ್ಟರು ಒಮಾನಿ ಹೆಣ್ಣುಮಗಳು, ತಲೆಗೆ ಕಪ್ಪು ವಸ್ತ್ರ, ನಗುಮುಖ. ಕೈಗೆ ಸೂಜಿ ಚುಚ್ಚಿದರು, ಮಂಪರು ಕವಿಯಿತು. ಎಚ್ಚರಾದಾಗ ಸರೋಜಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಅಣ್ಣಾ, ನಿನ್ನೆ ಏನ ತಿಂದಿ?"

"ಏನೂ ಇಲ್ಲ. ಉಪವಾಸ ಇದ್ದೆ."

"ಉಪವಾಸಕ್ಕ ಏನ ತಿಂದಿ?"

ಹೇಳಿದೆ. ಡಾಕ್ಟರು ನನ್ನ ಕರುಳಿನ ಮೊದಲ ತಿರುವಿನಲ್ಲೇ ಶೇಂಗಾ ಕಂಡು ಕೊಳವೆ ಹೊರತೆಗೆದಿದ್ದರಂತೆ. ಗೋಡೆಯೇ ಕಾಣದಿದ್ದರೆ ಗುಬುಟು ಕಾಣುವುದು ಹೇಗೆ? ಸಾಬೂದಾಣಿ ಎಂದರೇನೆಂದು ಅವರು ಸರೋಜಾಳನ್ನು ಬಹಳ ಹೊತ್ತು ಕೇಳಿದರು. ಆಹಾರವಲ್ಲದ ಆಹಾರ ಎಂದು ಅವಳು ಹೇಳಿದರೆ ಅವರಿಗೆ ತಿಳಿಯಲಿಲ್ಲ. ನನಗಂತೂ ಅದರಲ್ಲಿ ತಿಳಿಯದ್ದೇನಿದೆ ಎಂಬುದೇ ತಿಳಿಯಲಿಲ್ಲ.

"ತಪ್ಪು ನಂದ," ಎಂದಳು ಸರೋಜಾ ಕಾರಿನಲ್ಲಿ. "ಇಲ್ಲಿದ್ದು ಇದ್ದು ನಾನೂ ಬೆಟಗೇರಿಯಾಕಿ ಅನ್ನೋದನ್ನ ಮರತಿದ್ದೆ."

ಆಸ್ಪತ್ರೆ, ಎರಡನೆಯ ಸಲ

ಎರಡನೆಯ ಸಲ ಅವಳು ರಜೆ ಹಾಕಿ ನನ್ನೆದುರಿಗೇ ಕುಳಿತಳು. ನೀರು, ತಿಳಿಯಾದ ಸೇಬಿನ ರಸ, ಹಾಲಿಲ್ಲದ ಚಹಾ ಬಿಟ್ಟು ನನ್ನ ಬಾಯಿಗೆ ಏನೂ ಬೀಳಲಿಲ್ಲ. ಮತ್ತೆ ಜಗ್ಗು, ಮತ್ತೆ ನೀಲಿ ಬಳ್ಳಿ.

ಈ ಸಲ ಎಚ್ಚರಾದಾಗ ಡಾಕ್ಟರೇ ಮಂಚದ ಬಳಿ ಬಂದರು. ಮೂರು ಸಿಕ್ಕವು ಎಂದರು. ಎರಡು ಸಣ್ಣವು, ಒಂದು ದೊಡ್ಡದು. ಕೊಳವೆಯೊಳಗಿನಿಂದಲೇ ತಂತಿಯ ಕುಣಿಕೆ ಇಳಿಸಿ, ಬುಡಕ್ಕೆ ಹಾಕಿ ಬಿಗಿದು ಕತ್ತರಿಸಿದ್ದರು. ಹೊಟ್ಟೆ ಕೊಯ್ದಿಲ್ಲ, ಹೊಲಿಗೆಯಿಲ್ಲ. ನಾನು ಹೊಟ್ಟೆಯ ಮೇಲೆ ಕೈ ಆಡಿಸಿ ನೋಡಿದೆ, ಎಂದಿನಂತೆಯೇ ಇತ್ತು. ಸರೋಜಾಳನ್ನು ನಡುವೆ ನಿಲ್ಲಿಸಿಕೊಂಡು ಡಾಕ್ಟರನ್ನು ಕೇಳಿದೆ.

"ನನಗೆ ಏನು ರೋಗ ಇತ್ತು?"

ರೋಗ ಇರಲಿಲ್ಲ ಎಂದರು.

"ಈಗ ವಾಸಿ ಆಯಿತೇ?"

ವಾಸಿಯಾಗುವಂಥದ್ದು ಇರಲಿಲ್ಲ ಎಂದರು.

"ಹಾಗಾದರೆ ನೀವು ಏನು ಮಾಡಿದಿರಿ?"

ಡಾಕ್ಟರು ಯೋಚಿಸಿ ಅರಬಿ ಬೆರೆತ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸರೋಜಾ ಅದನ್ನು ಕನ್ನಡಕ್ಕೆ ತಂದಳು: "ಮುಂದ ಬರಬಹುದಾಗಿದ್ದು ಬರಲಿಲ್ಲ ಅನ್ನೋದು ನಿನಗ ಯಾವತ್ತೂ ಗೊತ್ತಾಗಂಗಿಲ್ಲಂತ. ಗೊತ್ತಾಗದಂಗ ಮಾಡೋದ ನಮ್ಮ ಕೆಲಸ ಅಂತಾರ."

ಕಿತ್ತ ತುಂಡುಗಳನ್ನು ಪರೀಕ್ಷೆಗೆ ಕಳಿಸುತ್ತೇವೆ, ಮುಂದಿನ ವಾರ ತಿಳಿಯುತ್ತದೆ ಎಂದರು. ಇಲ್ಲದ ರೋಗಕ್ಕೆ ಮತ್ತೇನು ತಿಳಿಯುವುದಿದೆ ಎಂದು ಕೇಳುವ ಧೈರ್ಯ ಆಗಲಿಲ್ಲ. ಆ ವಾರ ನನ್ನನ್ನು ಕೋಟೆ ತೋರಿಸಲು, ಮೀನಿನ ಪೇಟೆ ತೋರಿಸಲು ಕರೆದುಕೊಂಡು ಹೋದರು. ಏನು ನೋಡಿದೆನೋ ಒಂದೂ ನೆನಪಿಲ್ಲ. ಮನಸ್ಸೆಲ್ಲ ಯಾವುದೋ ಪ್ರಯೋಗಾಲಯದ ಶೀಶೆಯಲ್ಲಿತ್ತು.

ಸರೋಜಾಳ ಅಡುಗೆಮನೆ

ಸುದ್ದಿಯನ್ನು ಅವಳೇ ತಂದಳು. ಬಂದವಳು ಬಟ್ಟೆ ಕೂಡ ಬದಲಿಸದೆ ಜೋಳದ ಹಿಟ್ಟು ನಾದಲು ಕುಳಿತಳು. ನಾನು ಎದುರಿಗೆ ಮಣೆ ಹಾಕಿಕೊಂಡೆ.

"ಕ್ಯಾನ್ಸರ್ ಇಲ್ಲ," ಎಂದಳು. "ಆದ್ರ ದೊಡ್ಡದು ಐತಲ್ಲ, ಅದು ಆ ಹಾದಿ ಹಿಡದಿತ್ತು. ಪೂರಾ ಕಿತ್ತು ಬಂದೈತಿ, ಹೆದರಬ್ಯಾಡ. ಮೂರು ವರ್ಷಕ್ಕ ಮತ್ತ ನೋಡಿಸಬೇಕು, ಹುಬ್ಬಳ್ಳಿಯಾಗ ಆದ್ರೂ ಆತು."

ಸಂತೋಷ ಪಡಬೇಕೋ ಹೆದರಬೇಕೋ ತಿಳಿಯದೆ ಕುಳಿತೆ. ಎರಡೂ ಒಟ್ಟಿಗೆ ಬಂದಿದ್ದವು. ಏನೂ ಆಗಿಲ್ಲ, ಎರಡು ರೊಟ್ಟಿ ಹೆಚ್ಚು ತಿನ್ನುತ್ತೇನೆ ಎಂದು ಕಡಲ ಎದುರು ವಾದ ಮಾಡಿದ ದಿನವೂ ಅದು ನನ್ನೊಳಗೆ ಇತ್ತಲ್ಲ. ಆಗ ತಾನಾಗಿಯೇ ಒಂದು ಪ್ರಶ್ನೆ ನನ್ನ ಬಾಯಿಗೆ ಬಂತು.

"ಸರೂ, ಅಪ್ಪಂದು ಮೂಲವ್ಯಾಧಿ ಅಲ್ಲೇನು?"

ಅವಳ ಕೈ ಹಿಟ್ಟಿನಲ್ಲೇ ನಿಂತಿತು.

"ಗೊತ್ತಿಲ್ಲಣ್ಣ. ಯಾರೂ ಒಳಗ ನೋಡಿಲ್ಲ, ಹೆಂಗ ಹೇಳಲಿ? ಆದ್ರ ಕಡೀಕಡೀಕ ಅಪ್ಪ ಎಷ್ಟು ಸೊರಗಿದ್ದ, ಹೊಟ್ಟಿ ಹೆಂಗ ಉಬ್ಬತಿತ್ತು, ನೆನಪೈತಿಲ್ಲೋ. ನರ್ಸಿಂಗ್ ಓದೂವಾಗ ಒಂದಿನ ಪಾಠದಾಗ ಅದೆಲ್ಲಾ ಬಂತು. ಒಂದೊಂದು ಮಾತೂ ಅಪ್ಪಂದ. ನಾ ಎದ್ದು ಹೊರಗ ಬಂದು ಮೆಟ್ಟಲ ಮ್ಯಾಲ ಕುಂತಬಿಟ್ಟೆ. ಆಗ ಅವ್ವ ಇದ್ಲು. ಅಕೀಗೆ ಹೇಳಿ ಏನ ಮಾಡೋದಿತ್ತು?"

ನನಗೆ ಅಳು ಬಂತು. ತಂಗಿಯ ಮುಂದೆ ಅಳುವುದು ನಮ್ಮಲ್ಲಿ ರೂಢಿಯಿಲ್ಲ, ಆದರೂ ಅತ್ತೆ. ಅಪ್ಪನಿಗೆ ನಾವೆಲ್ಲ ಎಷ್ಟು ಪ್ರೀತಿಯಿಂದ ಸುವರ್ಣಗಡ್ಡೆ ಬೇಯಿಸಿ ಹಾಕಿದ್ದೆವು. ಇಂಥ ಒಂದು ಗುಬುಟನ್ನು ಇಂಥ ಒಂದು ಕುಣಿಕೆಯಿಂದ ಯಾರಾದರೂ ತೆಗೆದಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಕೇಳಿದೆ. ಅವಳು ಗೊತ್ತಿಲ್ಲ ಎಂದೇ ಅಂದಳು. ತೋಳಿನಿಂದ ಮುಖ ಒರೆಸಿಕೊಂಡು ಮತ್ತೆ ನಾದತೊಡಗಿದಳು.

"ನನ್ನ ಮಾತು ಪರಶ್ಯಾನ ಮುಂದ ನಡಿಯಂಗಿಲ್ಲ," ಎಂದಳು. "ನೀನ ಹೇಳಬೇಕು. ಊರಿಗೆ ಹೋದ ಕೂಡಲೆ."

ಮರಳಿ ಬೆಟಗೇರಿಗೆ

ಮನೆಗೆ ಬಂದು ಚೀಲ ಇಟ್ಟವನು ಹಲ್ವಾ ಡಬ್ಬಿ ಹಿಡಿದು ನೆಟ್ಟಗೆ ಪರಶುರಾಮನ ಮನೆಗೆ ಹೋದೆ. ಮಗ್ಗದ ಸದ್ದು ಓಣಿಯವರೆಗೆ ಕೇಳುತ್ತಿತ್ತು. ಅವನು ಕುಣಿಯಲ್ಲಿ ಕುಳಿತೇ ಒಂದು ಕೈ ಚಾಚಿ ಹಲ್ವಾ ಬಾಯಿಗೆ ಹಾಕಿಕೊಂಡ. "ಭಾರಿ ಸಿಹಿ ಐತಿ. ಸಮುದ್ರ ನೋಡಿದಿ?" ಎಂದ.

ನಾನು ಎಲ್ಲ ಹೇಳಿದೆ. ಕೊಳವೆ, ಕ್ಯಾಮೆರಾ, ಮೂರು ಗುಬುಟು, ಶೇಂಗಾ ಕಂಡ ಡಾಕ್ಟರು. ಶೇಂಗಾದ ಮಾತಿಗೆ ಅವನು ಮಗ್ಗ ನಿಲ್ಲಿಸಿ ನಕ್ಕ. ಅವನು ನಕ್ಕಿದ್ದು ನೋಡಿ ನನಗೂ ಹಗುರವೆನಿಸಿತು. ಹಾಗಾಗಿ ಅಪ್ಪನ ಮಾತು ತೆಗೆಯದೆ, ನೀನೂ ಒಂದು ಸಲ ಹುಬ್ಬಳ್ಳಿಗೆ ಹೋಗಿ ತೋರಿಸು ಎಂದಷ್ಟೇ ಹೇಳಿದೆ.

"ನನಗೇನಾಗೇತಿ?" ಎಂದ. ಲಾಳಿ ಮತ್ತೆ ಆ ಕಡೆಯಿಂದ ಈ ಕಡೆಗೆ ಓಡಿತು.

"ಏನೂ ತ್ರಾಸ ಇಲ್ಲಲ್ಲ?"

"ಏನೂ ಇಲ್ಲ. ಸ್ವಲ್ಪ ರಕ್ತ ಬೀಳತೈತಿ, ಅಷ್ಟ."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಮಗ್ಗದ ಚೌಕಟ್ಟು ಹಿಡಿದು ಬಗ್ಗಿದೆ.

"ಯಾವಾಗಿಂದ?"

"ಹ್ವಾದ ದೀಪಾವಳಿಯಿಂದ ಇರಬೇಕು. ಒಮ್ಮೊಮ್ಮೆ ಹೆಚ್ಚು, ಒಮ್ಮೊಮ್ಮೆ ಇಲ್ಲ."

"ಯಾಕ ಹೇಳಲಿಲ್ಲೋ, ಪರಶ್ಯಾ?"

ಅವನು ದಾರ ತುಂಡಾದ ಕಡೆ ಬೆರಳಿನಿಂದ ಗಂಟು ಹಾಕುತ್ತ, ನಾನು ಇಷ್ಟು ಸಣ್ಣ ವಿಷಯ ಕೇಳುತ್ತಿದ್ದೇನಲ್ಲ ಎಂಬ ಹಾಗೆ ಹೇಳಿದ.

"ಹೇಳೂದೇನೈತಿ ಅದರಾಗ? ಅಪ್ಪಗೂ ಇತ್ತಲ್ಲ."

ನಾನು ಬಗ್ಗಿ ಅವನ ಎರಡೂ ಕೈ ಹಿಡಿದು ಕುಣಿಯಿಂದ ಮೇಲಕ್ಕೆ ಎಳೆದೆ. ಸೀರೆ ಇನ್ನೂ ಮುಗಿದಿಲ್ಲ ಎಂದು ಅವನು ಹೇಳುತ್ತಲೇ ಇದ್ದ.